‘ಮಗು ಯಾವ ಮೆಟ್ಟಿಲಲ್ಲಿದೆ?’ ಎಂದು ಕೇಳಿ

ಪೋಷಕರ ಸಭೆಗೆ ಹೋದ ಉಮ್ಮಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: “ಟೀಚರ್, ನಮ್ಮ ಮಗು ಹೇಗೆ ಕಲಿಯುತ್ತದೆ?” ಸಿಗುವ ಉತ್ತರವೂ ಹೆಚ್ಚಾಗಿ ಒಂದೇ: “ಪರವಾಗಿಲ್ಲ, ಮನೆಯಲ್ಲಿ ಸ್ವಲ್ಪ ಓದಿಸಿ.” ಸಹಿ ಹಾಕಿ ಮನೆಗೆ ಬಂದಾಯಿತು. ಎಂತ ಓದಿಸಬೇಕು, ಎಲ್ಲಿಂದ ಶುರು ಮಾಡಬೇಕು, ಮಗುವಿಗೆ ಬರುವುದೆಷ್ಟು, ಬಾರದ್ದು ಯಾವುದು, ಒಂದೂ ಗೊತ್ತಾಗಲಿಲ್ಲ. ಗಲ್ಫ್‌ನಲ್ಲಿರುವ ಉಪ್ಪ ರಾತ್ರಿ ಫೋನ್ ಮಾಡಿ “ಸಭೆಯಲ್ಲಿ ಎಂತ ಹೇಳಿದರು?” ಅಂತ ಕೇಳಿದರೆ ಹೇಳಲಿಕ್ಕೆ ಏನೂ ಇಲ್ಲ.

ಒಂದರಿಂದ ಮೂರನೇ ತರಗತಿಯವರೆಗೆ ಈ ‘ಪರವಾಗಿಲ್ಲ’ ಬಹಳ ದುಬಾರಿ. ನಾಲ್ಕನೇ ತರಗತಿಯಿಂದ ಪ್ರತಿಯೊಂದು ಪಾಠವನ್ನೂ ಪುಸ್ತಕ ಓದಿಯೇ ತಿಳಿಯಬೇಕು. ಅಷ್ಟರೊಳಗೆ ಅಕ್ಷರ ಕೂಡಿಸಿ ಓದಲು ಬಾರದಿದ್ದರೆ ಗಣಿತದ ಲೆಕ್ಕವೂ ಅರ್ಥವಾಗುವುದಿಲ್ಲ. ಈ ಚಿಕ್ಕ ತರಗತಿಗಳಲ್ಲಿ ಯಾರನ್ನೂ ಫೇಲ್ ಮಾಡುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ಹಿಂದೆ ಮಗು ಫೇಲಾದರೆ ಮನೆಯವರಿಗೆ ಅಲ್ಲೇ ಗೊತ್ತಾಗುತ್ತಿತ್ತು. ಈಗ ಯಾರಾದರೂ ಬಿಡಿಸಿ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಹೇಳದೆ ಹೋದರೆ ಹೈಸ್ಕೂಲಿನವರೆಗೂ ಗೊತ್ತಾಗದೆ ಉಳಿಯಬಹುದು.

ಹೀಗೆ ಬಿಡಿಸಿ ಹೇಳುವುದು ಶಿಕ್ಷಕರು ಮಾಡುವ ಉಪಕಾರವಲ್ಲ, ಅವರ ಕರ್ತವ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಅದು ಸ್ಪಷ್ಟವಾಗಿ ಇದೆ: ಹೆತ್ತವರ ಜೊತೆ ನಿಯಮಿತವಾಗಿ ಸಭೆ ನಡೆಸಬೇಕು, ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಎಲ್ಲವನ್ನೂ ತಿಳಿಸಬೇಕು. ಸರಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಹೆತ್ತವರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ನಮ್ಮ ಊರಿನ ಶಾಲೆಯ ಎಸ್‌ಡಿಎಂಸಿ ಅಂದರೆ ಅದೇ. ಅಲ್ಲಿ ಕಟ್ಟಡ, ಬಿಸಿಯೂಟ, ಕಾಂಪೌಂಡ್ ಬಗ್ಗೆ ಮಾತು ನಡೆಯುವುದು ಸರಿ. ‘ಮೂರನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ?’ ಎಂಬ ಪ್ರಶ್ನೆಯೂ ಅಲ್ಲಿ ಏಳಬೇಕು.

ಸರಕಾರಿ ಕನ್ನಡ ಶಾಲೆಯ ಚಿಕ್ಕ ತರಗತಿಯಲ್ಲಿ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಗೋಡೆ ನೋಡಿದರೆ ಸಾಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ 2009-10ರಿಂದ ರಾಜ್ಯದ ಎಲ್ಲ ಕಡೆ ಬಂತು. ಅದರಲ್ಲಿ ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಮಾಡಿ ‘ಕಲಿಕಾ ಏಣಿ’ ಎಂದು ತೂಗುಹಾಕಿರುತ್ತಾರೆ. ಒಂದು ಮೆಟ್ಟಿಲು ಮುಗಿಸಿದ ಮಗು ಮುಂದಿನದಕ್ಕೆ ಹೋಗುತ್ತದೆ. ಯಾರು ಎಲ್ಲಿಗೆ ತಲುಪಿದ್ದಾರೆ ಎಂಬುದು ‘ಪ್ರಗತಿ ನೋಟ’ದಲ್ಲಿ ಗುರುತಾಗುತ್ತದೆ. ಹಾಗಾಗಿ “ಹೇಗೆ ಕಲಿಯುತ್ತದೆ?” ಎನ್ನುವ ಬದಲು “ಯಾವ ಮೆಟ್ಟಿಲಲ್ಲಿದೆ? ಹೋದ ತಿಂಗಳು ಎಲ್ಲಿತ್ತು?” ಎಂದು ಕೇಳಿ. ಈ ಪ್ರಶ್ನೆಗೆ ‘ಪರವಾಗಿಲ್ಲ’ ಎಂಬ ಉತ್ತರ ಹೊಂದುವುದಿಲ್ಲ.

ಈ ಪದ್ಧತಿ ಗೊತ್ತಿಲ್ಲದೆ ಅನೇಕ ಮನೆಗಳಲ್ಲಿ ಗಾಬರಿಯಾಗುವುದೂ ಇದೆ. “ಒಂದನೇ ತರಗತಿಗೆ ಸೇರಿ ಎರಡು ತಿಂಗಳಾಯಿತು, ಅ ಆ ಇ ಈ ಹೇಳಲು ಬರುವುದಿಲ್ಲ” ಎನ್ನುತ್ತಾರೆ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂದು. ಈ ಐದು ಬಂದರೆ ಮಗು ಸರ, ಅರಸ, ಅಗಸ, ಗರಗಸ ಎಂದು ಪದಗಳನ್ನೇ ಓದಬಹುದು. ಮನೆಯಲ್ಲಿ ಅ ಆ ಇ ಈ ಬಾಯಿಪಾಠ ಮಾಡಿಸಿ ಗದರುವ ಬದಲು, ಶಾಲೆಯಲ್ಲಿ ಈಗ ಯಾವ ಅಕ್ಷರ ನಡೆಯುತ್ತಿದೆ ಎಂದು ಕೇಳಿ ಅದರದ್ದೇ ಪದ ಬರೆಯಿಸಿ.

ಇನ್ನೊಂದು ದೂರು, “ಎರಡನೇ ತರಗತಿಯವನನ್ನು ಒಂದನೇಯವರ ಜೊತೆ ಕೂರಿಸಿದ್ದಾರೆ” ಅಂತ. ಅಲ್ಲಿ ಗುಂಪು ಮಾಡುವುದು ತರಗತಿ ನೋಡಿ ಅಲ್ಲ. ಟೀಚರ್ ಪೂರ್ತಿ ನೆರವು ಕೊಡುವ ಗುಂಪು, ಅರ್ಧ ನೆರವಿನ ಗುಂಪು, ಗೆಳೆಯರ ನೆರವಿನಲ್ಲಿ ಕಲಿಯುವ ಗುಂಪು, ತಾನೇ ಕಲಿಯುವ ಗುಂಪು, ಹೀಗೆ ಇರುತ್ತದೆ. ಮಗು ಒಂದೇ ಮೆಟ್ಟಿಲಲ್ಲಿ ಬಹಳ ದಿನ ನಿಂತಿದೆಯಾ ಎಂಬುದಷ್ಟೇ ನಾವು ನೋಡಬೇಕಾದ್ದು. ಉಪ್ಪನ ಬಳಿ ವಿಸಿಟ್ ವೀಸಾದಲ್ಲಿ ಎರಡು ತಿಂಗಳು ಹೋಗಿ ಬಂದ ಮಗುವಿಗೂ ಇಲ್ಲಿ ಅನುಕೂಲವಿದೆ. ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಸಬಹುದು. ಆದರೆ ಎಲ್ಲಿ ಬಿಟ್ಟಿತ್ತು ಎಂಬುದು ಮನೆಯವರಿಗೂ ನೆನಪಿರಬೇಕು.

ಖಾಸಗಿ ಇಂಗ್ಲಿಷ್ ಮೀಡಿಯಂನಲ್ಲಿ ಡೈರಿ ಇದೆ, ವಾಟ್ಸ್ಆ್ಯಪ್ ಗ್ರೂಪ್ ಇದೆ. ಫೀಸಿನ ದಿನಾಂಕ, ಹೋಂವರ್ಕ್, ಫ್ಯಾನ್ಸಿ ಡ್ರೆಸ್ ಎಲ್ಲ ಅದರಲ್ಲಿ ಬರುತ್ತದೆ. ಮಗುವಿಗೆ ಎಂತ ಬರುತ್ತದೆ ಎಂಬುದು ಅದರಲ್ಲಿ ಸಿಗುವುದು ಅಪರೂಪ. ನೋಟ್‌ಬುಕ್ ತುಂಬ ಬೋರ್ಡ್ ನೋಡಿ ಬರೆದದ್ದೇ ಇದ್ದರೆ ಅದು ಕೈಯ ಅಭ್ಯಾಸ ಮಾತ್ರ. ಅಲ್ಲಿಯೂ “ನೋಡದೆ ಎಷ್ಟು ಬರೆಯುತ್ತದೆ?” ಎಂದು ಕೇಳಬೇಕು.

ಅಳೆಯುವುದಕ್ಕೆ ಒಂದು ಅಳತೆಯೂ ಇದೆ. ಕೇಂದ್ರ ಸರಕಾರ 2021ರಲ್ಲಿ ಆರಂಭಿಸಿದ ‘ನಿಪುಣ್ ಭಾರತ್’ ಪ್ರಕಾರ ಒಂದನೇ ತರಗತಿ ಮುಗಿಯುವಾಗ ಮಗು ನಾಲ್ಕೈದು ಸರಳ ಪದಗಳ ಹೊಸ ವಾಕ್ಯ ಓದಬೇಕು, 99ರವರೆಗಿನ ಸಂಖ್ಯೆ ತಿಳಿಯಬೇಕು. ಎರಡನೆಯದರ ಕೊನೆಗೆ ನಿಮಿಷಕ್ಕೆ 45ರಿಂದ 60 ಪದ, 999ರವರೆಗಿನ ಸಂಖ್ಯೆ. ಮೂರನೆಯದರ ಕೊನೆಗೆ ಕನಿಷ್ಠ 60 ಪದ ಅರ್ಥಸಹಿತ, 9999ರವರೆಗಿನ ಸಂಖ್ಯೆ. ಮನೆಯಲ್ಲಿ ಐದು ನಿಮಿಷ ಸಾಕು. ಮಗು ಹಿಂದೆ ಓದಿರದ ಒಂದು ಪುಟ ಕೊಡಿ, ನಡುವಿನ ಒಂದು ಪದಕ್ಕೆ ಬೆರಳಿಟ್ಟು ಕೇಳಿ. ಬಾಯಿಪಾಠ ಯಾವುದು, ಓದು ಯಾವುದು ಎಂದು ಅಲ್ಲೇ ತಿಳಿಯುತ್ತದೆ.

ಹೇಳಬೇಕಾದ್ದು ಶಾಲೆಗೆ ಮಾತ್ರ ಅಲ್ಲ, ಮನೆಗೂ ಇದೆ. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ ಆಡುತ್ತಾರೆ, ಅಂಗಡಿ ಬಾಗಿಲಲ್ಲಿ ತುಳು ಕೇಳುತ್ತಾರೆ. ಕನ್ನಡದಲ್ಲಿ ಪಾಠ ಕೇಳುವುದು ಶಾಲೆಗೆ ಹೋದ ಮೇಲೆ. ಮೊದಲ ಕೆಲವು ತಿಂಗಳು ಮಗು ಬಾಯಿ ಬಿಡದೆ ಕೂತರೆ ಅದು ದಡ್ಡತನ ಅಲ್ಲ. ಬ್ಯಾರಿ ತಿಳಿಯದ ಟೀಚರಿಗೆ ಇದು ಗೊತ್ತಾಗುವುದು ಹೇಗೆ? “ಮನೆಯಲ್ಲಿ ಇವಳು ಚೆನ್ನಾಗಿ ಕಥೆ ಹೇಳುತ್ತಾಳೆ, ನೂರರವರೆಗೆ ಎಣಿಸುತ್ತಾಳೆ, ಕನ್ನಡ ಹೊಸದು” ಎಂದು ಉಮ್ಮನೇ ಹೇಳಬೇಕು. ಕಣ್ಣು ಹತ್ತಿರ ತಂದು ಓದುವುದು, ಕರೆದರೆ ಕೇಳಿಸದಿರುವುದು ಇದ್ದರೆ ಅದನ್ನೂ ಹೇಳಬೇಕು.

ಕೆಲವು ಉಮ್ಮಂದಿರಿಗೆ ಟೀಚರ್ ಎದುರು ಕನ್ನಡ ಮಾತಾಡಲು ಸಂಕೋಚ. ತಪ್ಪಾದರೂ ಅಡ್ಡಿಯಿಲ್ಲ, ಮಾತಾಡಿ. ಟೀಚರುಗಳಲ್ಲೂ ಒಂದು ವಿನಂತಿ: ಗ್ರೇಡಿನ ಅಕ್ಷರ ತೋರಿಸಿ ಕಳಿಸಬೇಡಿ. ಬಂದದ್ದು ಒಂದು, ಬಾರದ್ದು ಒಂದು, ಮನೆಯಲ್ಲಿ ಮಾಡಿಸಬೇಕಾದ್ದು ಒಂದು, ಈ ಮೂರು ಮಾತು ಹೇಳಿ. ಅದನ್ನೇ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮಾಡಿದರೆ ದಮ್ಮಾಮ್‌ನಲ್ಲಿರುವ ಉಪ್ಪನೂ ಆ ರಾತ್ರಿ ಮಗುವಿನ ಹತ್ತಿರ ‘ಗರಗಸ’ ಬರೆದು ತೋರಿಸು ಅಂತ ಕೇಳಬಹುದು.