ನೀರಿನ ಮೇಲೂ ಉರಿದ ಬೆಂಕಿ

ನೀರು ಹಾಕಿದರೆ ಬೆಂಕಿ ಆರುತ್ತದೆ. ಆದರೆ ಕಡಲ ನೀರಿನ ಮೇಲೆಯೇ ಧಗಧಗಿಸುತ್ತಿದ್ದ ಬೆಂಕಿಯೊಂದು ಬೈಜಾಂಟೈನ್ ರಾಜಧಾನಿ ಕಾನ್‌ಸ್ಟಾಂಟಿನೋಪಲನ್ನು ಶತಮಾನಗಳ ಕಾಲ ಕಾಯಿತು. ಅದೇ ‘ಗ್ರೀಕ್ ಬೆಂಕಿ’.

ಕ್ರಿ.ಶ. 672ರ ಸುಮಾರಿಗೆ ಸಿರಿಯಾದಿಂದ ಓಡಿಬಂದ ಕ್ಯಾಲಿನಿಕಸ್ ಎಂಬ ವಾಸ್ತುಶಿಲ್ಪಿ ಇದನ್ನು ತಯಾರಿಸಿದನೆಂದು ಇತಿಹಾಸಕಾರ ಥಿಯೋಫನಿಸ್ ಬರೆದಿದ್ದಾನೆ. ಕಚ್ಚಾ ಪೆಟ್ರೋಲಿಯಂ ಇದರ ಮೂಲದ್ರವ್ಯವಾಗಿದ್ದಿರಬೇಕು ಎಂಬುದು ತಜ್ಞರ ಊಹೆ. ಹಡಗಿನ ಮುಂತುದಿಯ ಕೊಳವೆಯಿಂದ ಇದನ್ನು ಶತ್ರುಗಳ ಮೇಲೆ ಚಿಮ್ಮಿಸುತ್ತಿದ್ದರು. 717-18ರ ಮುತ್ತಿಗೆಯಲ್ಲಿ ಅರಬ್ಬರ ಹಡಗುಗಳೂ, 941ರಲ್ಲಿ ರುಸ್ ದೊರೆ ಈಗೊರನ ದೋಣಿಗಳೂ ಇದಕ್ಕೆ ಆಹುತಿಯಾದವು.

ಯಾರು ಕೇಳಿದರೂ ಈ ಗುಟ್ಟು ಬಿಟ್ಟುಕೊಡಕೂಡದೆಂದು ಚಕ್ರವರ್ತಿ ಏಳನೇ ಕಾನ್‌ಸ್ಟಂಟೈನ್ ತನ್ನ ಮಗನಿಗೆ ಬರೆದಿಟ್ಟಿದ್ದ. ಗುಟ್ಟು ಉಳಿಯಿತು, ವಿದ್ಯೆ ಉಳಿಯಲಿಲ್ಲ. 1204ರಲ್ಲಿ ಕ್ರುಸೇಡರರು ನಗರವನ್ನು ಸೂರೆಗೊಂಡಾಗ ಆ ಬೆಂಕಿ ಬಳಕೆಯಾದ ದಾಖಲೆಯೇ ಇಲ್ಲ. ಅದರ ನಿಖರ ಪಾಕ ಇಂದಿಗೂ ಒಗಟು.