ಒರಟು ಮೈಯ ಓಟ

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸು ಹೆದ್ದಾರಿಯಲ್ಲಿ ಸರಾಗವಾಗಿ ಓಡುತ್ತದೆ. ಕಲ್ಲುಗುಂಡಿಗಳ ಹಳ್ಳಿದಾರಿಗೆ ಇಳಿದೊಡನೆ ಕುಂಟತೊಡಗುತ್ತದೆ. ನುಣುಪು ಓಟಕ್ಕೆ ಮಿತ್ರ, ಒರಟು ಶತ್ರು ಎಂಬುದು ಎಲ್ಲರ ಅನುಭವ. ಆದರೆ ಕೂದಲೆಳೆಗಿಂತಲೂ ಎಷ್ಟೋ ಕಿರಿದಾದ, ತಮ್ಮಷ್ಟಕ್ಕೆ ತಾವೇ ಈಜುವ ಕಣಗಳ ಪ್ರಪಂಚದಲ್ಲಿ ಈ ಅನುಭವವು ತಲೆಕೆಳಗಾಗುತ್ತದೆ.

ಈ ಕಣಗಳ ಇಂಧನ ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. ಮಗುವಿನ ಮೊಣಕಾಲು ತರಚಿದಾಗ ಹಾಕುವ ಹೈಡ್ರೋಜನ್ ಪೆರಾಕ್ಸೈಡ್ ನೊರೆನೊರೆಯಾಗಿ ಉಕ್ಕುವುದನ್ನು ಯಾರು ಕಂಡಿಲ್ಲ? ರಕ್ತದಲ್ಲಿರುವ ಕಿಣ್ವವೊಂದು ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಪ್ಲಾಟಿನಂ ಲೋಹವೂ, ತಾನು ಸವೆಯದೆ, ಇದೇ ಕೆಲಸವನ್ನು ಮಾಡಬಲ್ಲುದು. ಅತಿ ಸಣ್ಣ ಗೋಲಿಯೊಂದರ ಅರ್ಧ ಮೈಗೆ ಮಾತ್ರ ಪ್ಲಾಟಿನಂ ಲೇಪಿಸಿ ಪೆರಾಕ್ಸೈಡ್ ಬೆರೆತ ನೀರಿನಲ್ಲಿ ಬಿಟ್ಟರೆ, ಒಂದು ಪಾರ್ಶ್ವದಲ್ಲಷ್ಟೇ ಕ್ರಿಯೆ ನಡೆದು, ಗೋಲಿಯು ಬರಿಯ ಮುಖವನ್ನು ಮುಂದಿಟ್ಟುಕೊಂಡು ಸಾಗುತ್ತದೆ. ಇಬ್ಬಗೆಯ ಮುಖವುಳ್ಳ ರೋಮನ್ ದೇವತೆಯ ಹೆಸರಿನಿಂದ ಇದಕ್ಕೆ ಜಾನಸ್ ಕಣವೆಂದು ನಾಮಕರಣವಾಗಿದೆ. ಇಷ್ಟು ಚಿಕ್ಕ ದೇಹಕ್ಕೆ ನೀರೇ ಜೇನಿನಂತೆ ಅಂಟು. ಇಂಧನ ತೀರಿತೋ, ಓಟವೂ ಆ ಕ್ಷಣವೇ ತೀರಿತು. ಬಂದ ರಭಸದಲ್ಲಿ ಮುಂದಕ್ಕೆ ಜಾರುವ ಮಾತೇ ಇಲ್ಲ.

ಹಾಗಾದರೆ ಒರಟುತನದಿಂದ ಏನು ಲಾಭ? ಬೀದರ ಸೀಮೆಯ ಕೆಂಪು ಜಂಬಿಟ್ಟಿಗೆ ಕಲ್ಲನ್ನು ನೆನೆಯಿರಿ. ತೂತುತೂತಾದ ಆ ಕಲ್ಲಿನ ಒಳಗೋಡೆಗಳನ್ನೆಲ್ಲ ಎಣಿಕೆಗೆ ಹಿಡಿದರೆ, ಅಷ್ಟೇ ಗಾತ್ರದ ನುಣುಪಾದ ಕರಿಕಲ್ಲಿಗಿಂತ ಅದರ ಮೇಲ್ಮೈ ಎಷ್ಟೋ ಮಡಿ ಹೆಚ್ಚು. ಪ್ಲಾಟಿನಮ್ಮಿನ ಕೆಲಸ ನಡೆಯುವುದು ಮೇಲ್ಮೈಯಲ್ಲಿಯೇ ಅಲ್ಲವೇ? 2015ರಲ್ಲಿ ಉದಿತ್ ಚೌಧುರಿ, ಪೀರ್ ಫಿಷರ್ ಮೊದಲಾದವರು ಒರಟು ಲೇಪದ ಕಣಗಳನ್ನು ತಯಾರಿಸಿದಾಗ, ಅವು ನುಣುಪು ಲೇಪದ ಕಣಗಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡಿದುವು.

ಹಾಗೆಂದು, ಒರಟು ಹೆಚ್ಚಿದಷ್ಟೂ ವೇಗವೂ ಹೆಚ್ಚೀತೆಂದು ಬಗೆಯುವಂತಿಲ್ಲ. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಲಾಂಗ್‌ಬಾಟಮ್ ಮತ್ತು ಬಾನ್ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನವುರಾದ ಉಬ್ಬುತಗ್ಗುಗಳು ವೇಗವನ್ನು ಸುಮಾರು ಎರಡು ಪಟ್ಟು ಹೆಚ್ಚಿಸಿದುವು. ದೊಡ್ಡ ಉಬ್ಬುತಗ್ಗುಗಳಿಂದ ಮಾತ್ರ, ಮೇಲ್ಮೈ ವಿಸ್ತಾರ ಸಾಕಷ್ಟಿದ್ದರೂ, ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಅಂದ ಮೇಲೆ ವಿಸ್ತಾರವೊಂದೇ ಉತ್ತರವಲ್ಲ. ಅಲ್ಲದೆ ಮೈ ಕೆಡಿಸಿದ ಕಣಗಳು ಓಡುತ್ತ ಓಡುತ್ತ ಬುಗುರಿಯಂತೆ ತಿರುಗುವುದೂ ಹೆಚ್ಚು. ಗುರಿ ಮುಟ್ಟಬೇಕಾದ ದೂತನಿಗೆ ಈ ಚಾಳಿ ಒಳ್ಳೆಯದಲ್ಲ.

ದೂತನೆಂಬ ಮಾತು ಸುಮ್ಮನೆ ಬಂದುದಲ್ಲ. ಇಂಥ ಕಣಗಳ ಬೆನ್ನಿಗೆ ಔಷಧಿಯನ್ನು ಹೊರಿಸಿ ದೇಹದೊಳಕ್ಕೆ ಕಳಿಸಬೇಕೆಂಬುದು ಬಹುಕಾಲದ ಆಸೆ. ಪೆರಾಕ್ಸೈಡೇ ಇದಕ್ಕೆ ಅಡ್ಡಿ. ಜೀವಕೋಶಗಳಿಗೆ ಅದು ವಿಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಹಿಡಿದದ್ದು ಬೇರೆ ದಾರಿ. ಮೇಲೆ ಹೇಳಿದ ಫಿಷರ್ ಅವರೊಡನೆ 2009ರಲ್ಲಿಯೇ ಅವರು, ತಿರುಗುವ ಕಾಂತಕ್ಷೇತ್ರದ ಬಲದಿಂದ ತಿರುಪುಮೊಳೆಯಂತೆ ನೀರನ್ನು ಕೊರೆದು ಸಾಗುವ ಸುರುಳಿಗಳನ್ನು ತೋರಿಸಿದ್ದರು. ಇಂಧನವೇ ಬೇಡ! 2022ರಲ್ಲಿ ಆ ಸಂಸ್ಥೆಯ ತಂಡವು ಇಂಥ ಸುರುಳಿಗಳನ್ನು ಕಿತ್ತ ಹಲ್ಲುಗಳ ಸೂಕ್ಷ್ಮನಾಳಗಳೊಳಕ್ಕೆ ನುಗ್ಗಿಸಿ, ಅಲ್ಲಿಯೇ ಕಾವೇರಿಸಿ, ಬೇರುನಾಳದ ಚಿಕಿತ್ಸೆಗೂ ಸಿಕ್ಕದೆ ಅಡಗಿ ಕೂರುವ ಬ್ಯಾಕ್ಟೀರಿಯಾಗಳನ್ನು ಕೊಂದು ತೋರಿಸಿತು. ಹುಮನಾಬಾದಿನ ಹಲ್ಲುನೋವಿನವರು ಇಂದೇ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. ಪ್ರಯೋಗಶಾಲೆಗೂ ದಂತವೈದ್ಯರ ಕುರ್ಚಿಗೂ ನಡುವಿನ ಹಾದಿ ಇನ್ನೂ ಕಲ್ಲುಗುಂಡಿಗಳದೇ.