ಉತಾರದಲ್ಲಿ ಇಲ್ಲದ ಬಾವಿ

ನಾವು ಊರು ಬಿಟ್ಟು ಜಮಖಂಡಿಗೆ ಬಂದು 14 ವರ್ಷವಾಯಿತು. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಬೇಕರಿ, ಎರಡು ಕೋಣೆಯ ಬಾಡಿಗೆ ಮನೆ. ಮದುವೆಗೋ ಪೆರ್ನಾಲಿಗೋ ಊರಿಗೆ ಹೋದಾಗಲೆಲ್ಲ ಎಲ್ಲರದ್ದೂ ಒಂದೇ ಪ್ರಶ್ನೆ: "ಇನ್ನೂ ಬಾಡಿಗೆ ಮನೆಯಾ?" ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿ ಕಳೆದ ವರ್ಷ ಪ್ಲಾಟ್ ಹುಡುಕಲು ಹೊರಟೆವು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ನಾಲ್ಕೂ ಕಡೆ ಈಗ ಒಂದೇ ನೋಟ. ನಿನ್ನೆ ಕಬ್ಬು ನಿಂತಿದ್ದ ಹೊಲದಲ್ಲಿ ಇವತ್ತು ಬಣ್ಣ ಬಳಿದ ಕಲ್ಲುಗಳು, ಕೆಂಪು ಮಣ್ಣಿನ ರಸ್ತೆ, ಕಮಾನಿನ ಮೇಲೆ ಯಾವುದಾದರೊಂದು 'ನಗರ'ದ ಹೆಸರು. ನಮಗೆ ಒಪ್ಪಿಗೆಯಾದದ್ದು ಊರಂಚಿನ ಒಂದು 30-40 ಪ್ಲಾಟ್. ಪಕ್ಕದ್ದಕ್ಕಿಂತ ದರ ಸ್ವಲ್ಪ ಕಡಿಮೆ. ಉತಾರ ನೋಡಿದೆವು. ನಮ್ಮ ಕಡೆ ಆರ್‌ಟಿಸಿ ಅನ್ನುವುದನ್ನು ಇಲ್ಲಿಯವರು ಉತಾರ ಅನ್ನುತ್ತಾರೆ. ಹೆಸರು ಸರಿ, ಸಾಲ ಇಲ್ಲ, ಎನ್‌ಎ ಆಗಿದೆ. 25 ಸಾವಿರ ಮುಂಗಡ ಕೊಟ್ಟು ಬಂದೆವು.

ಮರುದಿನ ಬೇಕರಿಗೆ ಚಹಾ ಕುಡಿಯಲು ಬಂದ ವಯಸ್ಸಾದ ರೈತರೊಬ್ಬರು ವಿಷಯ ಕೇಳಿ ಲೋಟ ಕೆಳಗಿಟ್ಟರು.

"ಸಾಹೇಬ್ರ, ಆ ಮೂಲಿ ಪ್ಲಾಟ ಏನ್ರಿ? ಅಲ್ಲಿ ಹಾಳ ಬಾವಿ ಇತ್ತಲ್ರೀ. ಎಣ್ಣಿ ಡಬ್ಬಿ ಎಲ್ಲಾ ಅದರಾಗ ಒಗೀತಿದ್ವಿ. ಆಮ್ಯಾಲ ಮಣ್ಣ ಹಾಕಿ ಮುಚ್ಚಿದ್ರು."

ಎಣ್ಣಿ ಅಂದರೆ ಇಲ್ಲಿ ಅಡುಗೆ ಎಣ್ಣೆಯಲ್ಲ. ಬೆಳೆಗೆ ಹೊಡೆಯುವ ಕೀಟನಾಶಕ. ನಮ್ಮ ಕಡೆ ಅಡಿಕೆಗೆ ಮದ್ದು ಬಿಡುವುದು ಅನ್ನುತ್ತೇವಲ್ಲ, ಹಾಗೆ.

ಉಮ್ಮ ಹೇಳಿದ ಮಾತು

ಆ ರಾತ್ರಿ ಊರಿಗೆ ಫೋನ್ ಮಾಡಿ ಉಮ್ಮನಿಗೆ ಹೇಳಿದೆವು. ಉಮ್ಮನ ತವರು ಕಾಸರಗೋಡಿನ ಎಣ್ಮಕಜೆ ಕಡೆ. ಅವರು ಎರಡನೇ ಮಾತು ಆಡಲಿಲ್ಲ. "ಮುಂಗಡ ಹೋದರೆ ಹೋಗಲಿ. ಆ ಜಾಗ ಬೇಡ."

ಎಣ್ಮಕಜೆಯವರಿಗೆ ಈ ವಿಷಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿದರು. ಗಾಳಿಗೆ ಗಡಿ ಗೊತ್ತಿಲ್ಲ. ಅದು ತೋಟ ದಾಟಿ ಮನೆ, ಸುರಂಗ, ಬಾವಿ, ತೋಡುಗಳಿಗೂ ಇಳಿಯಿತು. ಪಡ್ರೆಯ ವಾಣಿನಗರದಲ್ಲಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳನ್ನು ನೋಡಿ ಅನುಮಾನಪಟ್ಟರು. ಪತ್ರಕರ್ತ ಶ್ರೀಪಡ್ರೆ ಬರೆದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳಕ್ಕೆ ಆದೇಶಿಸಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಆ ನೋವು ಇವತ್ತಿಗೂ ಹಾಸಿಗೆ ಮೇಲೆ ಮಲಗಿದೆ.

ಸಿಂಪಡಣೆಯ ಕಥೆ ಎಲ್ಲರಿಗೂ ಗೊತ್ತು. ಉಳಿದ ಡಬ್ಬಗಳು ಎಲ್ಲಿ ಹೋದವು ಎಂಬ ಕಥೆ ಅಷ್ಟು ಗೊತ್ತಿಲ್ಲ. ಕರ್ನಾಟಕದ ಗಡಿಗೆ ತಾಗಿದ ಮಿಂಚಿನಪದವು ಗುಡ್ಡದಲ್ಲಿ, ನಿಷೇಧದ ನಂತರ ಉಳಿದಿದ್ದ ಎಂಡೋಸಲ್ಫಾನನ್ನು ಒಂದು ಪಾಳು ಬಾವಿಗೆ ಹಾಕಿ ಮುಚ್ಚಿದ್ದಾರೆ ಎಂಬ ಆರೋಪವಿದೆ. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನಭಾಗ್ ಇದರ ಬಗ್ಗೆ ದನಿ ಎತ್ತಿದರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೆ ಹೋಯಿತು. ಗುಡ್ಡದ ಮೇಲಿನ ಬಾವಿ ಅಂದರೆ ಅದರ ಕೆಳಗೆ ಎರಡೂ ರಾಜ್ಯದ ಮನೆಗಳಿವೆ, ಅವುಗಳ ಬಾವಿಗಳಿವೆ. ಎಂಡೋಸಲ್ಫಾನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಮಣ್ಣಿಗೆ ಅಂಟಿಕೊಳ್ಳುತ್ತದೆ. ಅದು ಒಡೆದಾಗ ಬರುವ ಎಂಡೋಸಲ್ಫಾನ್ ಸಲ್ಫೇಟ್ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಮಣ್ಣು ಕೊಚ್ಚಿಹೋದ ಕಡೆಗೆ ಅದೂ ಹೋಗುತ್ತದೆ.

ಒಂದು ಡಾಲರಿನ ಜಾಗ

ಹೂತ ವಿಷ ಒಂದು ಇಡೀ ಬಡಾವಣೆಯನ್ನೇ ಖಾಲಿ ಮಾಡಿಸಿದ ಉದಾಹರಣೆ ಅಮೆರಿಕದಲ್ಲಿದೆ. ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್. ಹೆಸರು ಕೇಳಿ ನಗಬೇಡಿ. 1890ರ ದಶಕದಲ್ಲಿ ವಿಲಿಯಂ ಲವ್ ಎಂಬವರು ಅಲ್ಲಿ ಕಾಲುವೆ ತೋಡಲು ಹೊರಟು ಅರ್ಧಕ್ಕೆ ಬಿಟ್ಟರು. ಆ ಹೊಂಡದಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪೆನಿ 1942ರಿಂದ ಸುಮಾರು ಹತ್ತು ವರ್ಷ ತನ್ನ ತ್ಯಾಜ್ಯ ತುಂಬಿತು. ಒಟ್ಟು 20 ಸಾವಿರ ಟನ್ನಿನಷ್ಟು. ಮೇಲೆ ಜೇಡಿಮಣ್ಣು ಮುಚ್ಚಿತು. ಆಗ ಸುತ್ತ ಜನ ಹೆಚ್ಚಿರಲಿಲ್ಲ.

1953ರಲ್ಲಿ ಆ ಜಾಗವನ್ನು ಕಂಪೆನಿ ಊರಿನ ಶಾಲಾ ಮಂಡಳಿಗೆ ಕೊಟ್ಟಿತು. ಬೆಲೆ ಒಂದು ಡಾಲರ್. ಒಳಗೆ ರಾಸಾಯನಿಕ ತ್ಯಾಜ್ಯ ಇದೆ, ಮುಂದೆ ಏನಾದರೂ ನಾವು ಜವಾಬ್ದಾರರಲ್ಲ ಎಂದು ಪತ್ರದಲ್ಲಿ ಬರೆಯಿತು. ಮಂಡಳಿ ಅಲ್ಲೇ ಶಾಲೆ ಕಟ್ಟಿತು. ಸುತ್ತ ಮನೆಗಳೆದ್ದವು. ಚರಂಡಿ, ರಸ್ತೆಗೆಂದು ಅಗೆದಾಗ ಜೇಡಿಮಣ್ಣಿನ ಹೊದಿಕೆ ತೂತಾಯಿತು. ಎಪ್ಪತ್ತರ ದಶಕದಲ್ಲಿ ಮಳೆ ಹಿಮ ಜೋರಾಗಿ, ನೆಲದೊಳಗಿನ ನೀರು ಏರಿ, ಡ್ರಮ್ಮುಗಳೇ ಮೇಲೆ ಬಂದವು. ಮನೆಗಳ ನೆಲಮಾಳಿಗೆಗೆ ಕಪ್ಪು ದ್ರವ ಒಸರಿತು.

ಗಲಾಟೆ ಎಬ್ಬಿಸಿದವರಲ್ಲಿ ಮುಖ್ಯರು ಲೋಯಿಸ್ ಗಿಬ್ಸ್ ಎಂಬ ಗೃಹಿಣಿ. ಅವರ ಮಗ ಆ ಶಾಲೆಗೆ ಹೋಗಿ ಕಾಯಿಲೆ ಬಿದ್ದಿದ್ದ. ಮನೆ ಮನೆಯ ಬಾಗಿಲು ಬಡಿದು, ಯಾರ ಮನೆಯಲ್ಲಿ ಯಾವ ಕಾಯಿಲೆ ಎಂದು ಬರೆದುಕೊಂಡರು. 1978ರ ಆಗಸ್ಟ್ 2ರಂದು ರಾಜ್ಯದ ಆರೋಗ್ಯ ಇಲಾಖೆ ಶಾಲೆ ಮುಚ್ಚಲು ಹೇಳಿತು. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು ಜಾಗ ಬಿಡಿ ಎಂದಿತು. ಉಳಿದವರು? ಮೂರು ವರ್ಷದ ಮಗುವಿಗೆ ಅಪಾಯವಿಲ್ಲವೇ ಎಂದು ತಾಯಂದಿರು ಕೇಳಿದರು. ಐದು ದಿನ ಕಳೆದು ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಿದರು. ಹತ್ತಿರದ 239 ಕುಟುಂಬಗಳು ಮೊದಲು ಹೋದವು. 1980ರಲ್ಲಿ ಎರಡನೇ ಘೋಷಣೆಯ ನಂತರ ಇನ್ನೂ 700ರಷ್ಟು. ಮಕ್ಕಳ ಆಟದ ಜಾಗ, ಹೂದೋಟ, ಎಲ್ಲ ಬಿಟ್ಟು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕ 'ಸೂಪರ್‌ಫಂಡ್' ಕಾನೂನು ತಂದಿತು: ವಿಷ ಹೂತವರೇ ಶುಚಿ ಮಾಡುವ ಖರ್ಚು ಕೊಡಬೇಕು.

ನಮ್ಮನ್ನು ಹೆಚ್ಚು ಕಾಡಿದ್ದು ಆಮೇಲಿನ ಸಂಗತಿ. 1990ರ ನಂತರ ಅದೇ ಬಡಾವಣೆಯ ಉತ್ತರ ಭಾಗದ ಮನೆಗಳನ್ನು ದುರಸ್ತಿ ಮಾಡಿ, 'ಬ್ಲ್ಯಾಕ್ ಕ್ರೀಕ್ ವಿಲೇಜ್' ಎಂದು ಹೊಸ ಹೆಸರಿಟ್ಟು, ಮಾರುಕಟ್ಟೆಗಿಂತ ಕಡಿಮೆ ದರಕ್ಕೆ ಮಾರಿದರು. ಜನ ಕೊಂಡರು. ಕಡಿಮೆ ದರ ನೋಡಿ ನಾವೂ ಮುಂಗಡ ಕೊಟ್ಟವರೇ ತಾನೆ?

"ಡಬ್ಬಿ ಮ್ಯಾಲೇ ಬರದಿತ್ತು"

ಮಾರನೇ ವಾರ ಆ ಹಿರಿಯ ರೈತರನ್ನು ಕರೆದುಕೊಂಡು ಪ್ಲಾಟಿಗೆ ಹೋದೆವು. ನಮ್ಮಲ್ಲಿಯಂತೆ ಇಲ್ಲಿಯೂ ಹಿರಿಯರನ್ನು ಕಾಕಾ ಅನ್ನುವ ರೂಢಿ. "ಕಾಕಾ, ಬಾವಿಗೆ ಯಾಕೆ ಹಾಕಿದ್ರಿ?" ಎಂದು ಕೇಳಿದೆವು. ಸ್ವಲ್ಪ ಸಿಟ್ಟೂ ಇತ್ತು ಅನ್ನಿ.

"ಮತ್ತೇನ್ ಮಾಡೂದ್ರಿ? ಡಬ್ಬಿ ಮ್ಯಾಲೇ ಬರದಿತ್ತು, ಒಡದು ಹುಗೀರಿ ಅಂತ. ದನ ಮೂಸಬಾರದು, ಹುಡುಗ್ರು ಮುಟ್ಟಬಾರದು ಅಂತ ಊರ ಹೊರಗ ಹಾಕಿದ್ವಿ. ಊರೇ ಇಲ್ಲೀಮಟಾ ಬರತೈತಿ ಅಂತ ಯಾರಿಗ್ ಗೊತ್ತಿತ್ತು?"

ಕಾಕಾ ಹೇಳಿದ್ದು ಸುಳ್ಳಲ್ಲ. 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಹೇಳುವುದೂ ಅದನ್ನೇ: ಖಾಲಿ ಡಬ್ಬಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕು. ದೂರ ಅಂದರೆ ಎಷ್ಟು ದೂರ? ಎಷ್ಟು ವರ್ಷದ ದೂರ? ಬಾವಿಗೆ ಹಾಕುವುದು ತಪ್ಪೇ, ನೀರಿನ ಪಸೆಗೆ ನೇರ ದಾರಿ ಮಾಡಿಕೊಟ್ಟಂತೆ. ಆದರೆ ರೈತ ಕಳ್ಳತನದಿಂದ ಮಾಡಿದ ಕೆಲಸವಲ್ಲ ಅದು.

ಈ ನಾಲ್ಕು ತಾಲೂಕುಗಳಲ್ಲಿ 'ದೂರ' ಅನ್ನುವುದು ಬೇಗ ಹತ್ತಿರ ಬರುತ್ತದೆ. ಆಲಮಟ್ಟಿ ಹಿನ್ನೀರಿಗೆ ಬೀಳಗಿ, ಬಾಗಲಕೋಟೆ ಕಡೆಯ ಎಷ್ಟೋ ಊರುಗಳು ಎತ್ತರದ ಹೊಲಗಳಿಗೆ ಏರಿ ಪುನರ್ವಸತಿ ಕೇಂದ್ರಗಳಾದವು. ಅಣೆಕಟ್ಟೆಯನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಿದರೆ ಇನ್ನೂ 75 ಸಾವಿರ ಎಕರೆಯಷ್ಟು ನೆಲ ಮುಳುಗುತ್ತದೆ, ಇನ್ನಷ್ಟು ಜನ ಹೊಲಗಳ ಮೇಲೆ ಮನೆ ಕಟ್ಟುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ತುಂಬಿ ಬಂದಾಗ ಹೊಲವೂ ಹಳ್ಳವೂ ಒಂದಾಗಿದ್ದನ್ನು ನಾವೇ ನೋಡಿದ್ದೇವೆ. ಲವ್ ಕೆನಾಲಿನಲ್ಲಿ ಡ್ರಮ್ ಎತ್ತಿದ್ದೂ ಏರಿದ ನೀರೇ.

ಬೋರಿನ ನೀರು ಪರೀಕ್ಷೆ ಮಾಡಿಸಿದರೆ ಸಾಕಲ್ಲ ಎಂದು ಕೆಲವರು ಹೇಳಿದರು. ಸಾಮಾನ್ಯ ಪರೀಕ್ಷೆಯಲ್ಲಿ ಗಡಸುತನ, ಫ್ಲೋರೈಡ್, ನೈಟ್ರೇಟ್ ಗೊತ್ತಾಗುತ್ತದೆ. ಕೀಟನಾಶಕ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಯಂತ್ರ, ಬೇರೆ ಪ್ರಯೋಗಾಲಯ ಬೇಕು. 'ನೀರು ಒಳ್ಳೆಯದಿದೆ' ಎಂಬ ಚೀಟಿ ನೋಡಿ ಸಮಾಧಾನಪಡುವ ಮೊದಲು ಏನೇನು ಪರೀಕ್ಷಿಸಿದ್ದಾರೆ ಎಂದು ಓದಬೇಕು.

ಕೊಳ್ಳುವ ಮೊದಲು

ಉತಾರ ಹೇಳುವುದು ಯಾರ ಜಮೀನು, ಎಷ್ಟು ಗುಂಟೆ, ಏನು ಬೆಳೆ ಎಂದು. ಕೆಳಗೆ ಏನಿದೆ ಎಂದು ಹೇಳುವ ಕಾಲಂ ಅದರಲ್ಲಿಲ್ಲ. ಆದ್ದರಿಂದ ಪ್ಲಾಟ್ ಮಾರುವವರನ್ನಲ್ಲ, ಸುತ್ತಲಿನ ಹೊಲದ ಹಿರಿಯರನ್ನು ಕೇಳಬೇಕು. ಇಲ್ಲಿ ಬಾವಿ ಇತ್ತೇ? ಕಲ್ಲಿನ ಕ್ವಾರಿ ಇತ್ತೇ? ಯಾವುದರಿಂದ ತುಂಬಿದರು? ಬನಹಟ್ಟಿಯಂಥ ಮಗ್ಗದ ಊರಲ್ಲಾದರೆ ನೂಲಿಗೆ ಬಣ್ಣ ಹಾಕುವ ಜಾಗ ಆಗಿತ್ತೇ? ಮುಧೋಳದ ಕಡೆಯಾದರೆ ಕಾರ್ಖಾನೆಯ ನೀರು ನಿಲ್ಲುತ್ತಿದ್ದ ಹೊಂಡವೇ? ಶಾಲೆಗೋ ಮದ್ರಸಕ್ಕೋ ಯಾರಾದರೂ ಜಾಗ ದಾನ ಕೊಡಲು ಬಂದರೆ ಜಮಾಅತಿನವರು ಇದನ್ನು ಕೇಳುವುದರಲ್ಲಿ ಸಂಕೋಚವೇನಿಲ್ಲ. ಒಂದು ಡಾಲರಿನ ಶಾಲೆಯ ಕಥೆ ಮೇಲೆ ಓದಿದಿರಲ್ಲ.

ತೋಟ ಇರುವ ನಮ್ಮವರು ಮಾಡಬಹುದಾದ್ದೂ ಇದೆ. ಮದ್ದಿನ ಬಾಟಲಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಸುರಿಯಿರಿ, ತೂತು ಮಾಡಿಡಿ. ಬಾವಿಗೆ, ತೋಡಿಗೆ ಬೇಡ. ತೊಳೆದಿದೆಯಲ್ಲ ಎಂದು ನೀರು ತುಂಬಲು, ಸೀಮೆಎಣ್ಣೆಗೆ ಬಳಸುವುದು ಖಂಡಿತ ಬೇಡ.

ಕಾನೂನೂ ಈಗ ಸ್ವಲ್ಪ ಮುಂದೆ ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಸರಕಾರ ಕಲುಷಿತ ಸ್ಥಳಗಳ ನಿರ್ವಹಣೆಗೇ ಬೇರೆ ನಿಯಮ ತಂದಿತು. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಅನುಮಾನದ ಜಾಗಗಳ ವರದಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಪ್ರಾಥಮಿಕ ತಪಾಸಣೆ ಮಾಡಬೇಕು. ದೇಶದಲ್ಲಿ ಗುರುತಿಸಿದ್ದ 103 ಕಲುಷಿತ ಸ್ಥಳಗಳಲ್ಲಿ ಆಗ ಶುಚಿ ಕೆಲಸ ಶುರುವಾಗಿದ್ದುದು ಏಳರಲ್ಲಿ ಮಾತ್ರ. ಭೋಪಾಲದ ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ತ್ಯಾಜ್ಯ ಊರು ಬಿಟ್ಟದ್ದು 2025ರ ಜನವರಿಯಲ್ಲಿ, ದುರಂತವಾಗಿ 40 ವರ್ಷದ ಮೇಲೆ. ಹಾಗಾಗಿ ಕಾನೂನು ತಾನಾಗಿ ಬಾಗಿಲಿಗೆ ಬರುತ್ತದೆಂದು ಕೂರುವಂತಿಲ್ಲ.

ಮುಂಗಡ ಮತ್ತು ಅರ್ಜಿ

ಮುಂಗಡದಲ್ಲಿ ಅರ್ಧ ವಾಪಸ್ ಬಂತು. ನಾವು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೇವೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಎರಡು ತಿಂಗಳ ನಂತರ ಆ ದಾರಿಯಲ್ಲಿ ಹೋಗುವಾಗ ಅದೇ ಪ್ಲಾಟಿನಲ್ಲಿ ಬುನಾದಿಗೆ ದಾರ ಕಟ್ಟಿದ್ದರು. ಬನಹಟ್ಟಿ ಕಡೆಯ ನೇಕಾರ ಕುಟುಂಬ. ಚಿಕ್ಕ ಮಕ್ಕಳಿಬ್ಬರು ಮರಳಿನ ರಾಶಿಯ ಮೇಲೆ ಆಡುತ್ತಿದ್ದರು.

ಮನೆಗೆ ಬಂದು ಇಬ್ಬರೂ ಮಾತಾಡಿಕೊಂಡೆವು. ಹೇಳಿದರೆ ಮಾರಿದವರ ಜೊತೆ ಜಗಳ, ನಾವು ಹೊರಗಿನಿಂದ ಬಂದವರು, ಅಂಗಡಿ ನಡೆಯಬೇಕು. ಹೇಳದಿದ್ದರೆ? ಲವ್ ಕೆನಾಲಿನ ಪತ್ರದಲ್ಲಿ ವಿಷದ ವಿಚಾರ ಬರೆದಿತ್ತು. ಅದು ಮನೆ ಕೊಂಡವರ ಕಿವಿಗೆ ಬೀಳಲಿಲ್ಲ, ಅಷ್ಟೇ.

ಮರುದಿನ ಕಾಕಾನನ್ನೂ ಕರೆದುಕೊಂಡು ಹೋಗಿ ಹೇಳಿದೆವು. ಆ ಮನೆಯ ಯಜಮಾನರು ಕೇಳಿ ತುಂಬ ಹೊತ್ತು ಸುಮ್ಮನಿದ್ದರು. ಸಾಲ ಮಾಡಿ ಪೂರಾ ದುಡ್ಡು ಕೊಟ್ಟಿದ್ದರು. "ನೀವ್ ಹೇಳೂದು ಖರೇ ಅನ್ನಾಕ ಕಾಗದ ಐತೇನ್ರಿ?" ಎಂದರು. ಇರಲಿಲ್ಲ. ಕಾಕಾನ ನೆನಪೊಂದೇ ಇದ್ದದ್ದು.

ಅದಕ್ಕೇ ಮೂವರೂ ಕೂತು ಜಿಲ್ಲಾಡಳಿತಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಬರೆದೆವು. ಸರ್ವೆ ನಂಬರು, ಬಾವಿ ಇದ್ದ ಮೂಲೆ, ಮುಚ್ಚಿದ ಅಂದಾಜು ವರ್ಷ, ಹಾಕುತ್ತಿದ್ದ ಔಷಧಗಳ ಹೆಸರು. ಕಾಕಾ ಹೇಳುತ್ತ ಹೋದರು, ನಾವು ಬರೆಯುತ್ತ ಹೋದೆವು, ಕೊನೆಗೆ ಅವರೂ ಸಹಿ ಹಾಕಿದರು. ತಪಾಸಣೆ ಆಗುವವರೆಗೆ ಬುನಾದಿ ನಿಲ್ಲಿಸಲು ಆ ಮನೆಯವರು ಒಪ್ಪಿದ್ದಾರೆ. ಬೋರು ಕೊರೆಸುವುದನ್ನು ಬಿಟ್ಟಿದ್ದಾರೆ. ಮಣ್ಣಿನಲ್ಲಿ ಏನೂ ಸಿಗದಿದ್ದರೆ ನಮಗಿಂತ ಸಂತೋಷಪಡುವವರು ಬೇರೆ ಇಲ್ಲ.

ಸ್ವೀಕೃತಿಯ ಚೀಟಿ ನಮ್ಮ ಮನೆಯಲ್ಲಿ ರೇಷನ್ ಕಾರ್ಡಿನ ಜೊತೆ ಇದೆ. ಆ ಬಾವಿಯ ಬಗ್ಗೆ ಇರುವ ಮೊದಲ ಕಾಗದ ಅದು. ನಿಮ್ಮ ಊರಿನಲ್ಲೂ ಇಂಥ ಒಂದು ಬಾವಿ ಇರಬಹುದು. ಅದರ ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಅವರು ಇರುವಾಗಲೇ ಕೇಳಿ ಬರೆದಿಡಿ.